ಇಪ್ಪತ್ತು ವರ್ಷದ ಊಟ

ಹಾಲಿನ ಡೈರಿಯಲ್ಲಿ ಹಾಲು ತಣ್ಣಗಿಡುವ ಯಂತ್ರ ಕೆಟ್ಟು ಕೂತಿತ್ತು. ಅಧ್ಯಕ್ಷ ಪುಟ್ಟಮಾದಪ್ಪನವರು ಮಾತ್ರ ನಿರ್ದೇಶಕರನ್ನು ಕೂರಿಸಿಕೊಂಡು, ಬೆಳಗಿನಿಂದ ಮುಂದಿನ ಇಪ್ಪತ್ತು ವರ್ಷದ ಯೋಜನೆ ಹಾಕುತ್ತಿದ್ದರು. ಟೀ ತಂದ ಅಡುಗೆಯವಳು ಯಂತ್ರದ ಮಾತೆತ್ತಿದಳು.

"ಚಿಲ್ಲರೆ ಮಾತು ಬೇಡ. ನೀನೂ ದೂರದ್ದು ಯೋಚಿಸೋದು ಕಲಿ," ಎಂದು ಅಧ್ಯಕ್ಷರು ಗದರಿದರು.

"ಆಗಲಿ ಬುದ್ಧಿ."

ಮಧ್ಯಾಹ್ನ ಎಲೆ ಹಾಕಿ, ನೀರು ಚಿಮುಕಿಸಿ, ಕೈಕಟ್ಟಿ ನಿಂತಳು.

"ಊಟ ಎಲ್ಲಿ ಕಣಮ್ಮ?" ಅಧ್ಯಕ್ಷರು ಕೇಳಿದರು.

"ಯೋಜನೆ ಹಾಕಿವ್ನಿ ಬುದ್ಧಿ. ನಡುವೆ ಅನ್ನ, ಈ ಕಡೆ ಹೋಳಿಗೆ. ಇಪ್ಪತ್ತು ವರ್ಷದಲ್ಲಿ ತುಪ್ಪ ಹೊಳೆಯಂಗೆ ಹರೀತದೆ."

ಒಬ್ಬ ನಿರ್ದೇಶಕರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿಯೇಬಿಟ್ಟರು.

ಅಧ್ಯಕ್ಷರು ಕೆಂಡವಾದರು. "ಹೊಟ್ಟೆ ಹಸೀತಿರೋದು ಈಗ ಕಣಮ್ಮ!"

"ಹೊರಗೆ ಜನ ತಂದಿರೋ ಹಾಲು ಒಡೀತಿರೋದೂ ಈಗಲೇ ಬುದ್ಧಿ."

ಅಧ್ಯಕ್ಷರು ತೆಪ್ಪಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅವನು ಬಂದ ಮೇಲೆಯೇ ಅನ್ನದ ಪಾತ್ರೆ ಬಂತು.