ಬಳ್ಳಿಗೊಂದೇ ಕಾಯಿ

ನದಿದಂಡೆಯ ಮಠದ ಹಿತ್ತಲಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿತ್ತು. ಒಂದೊಂದು ಬಳ್ಳಿಗೂ ನಾಲ್ಕಾರು ಮಿಡಿ. ಗುರು ರಾಚಯ್ಯಜ್ಜ ಬಳ್ಳಿಗೊಂದೇ ಕಾಯಿ ಉಳಿಸಿ, ಮಿಕ್ಕ ಮಿಡಿಗಳನ್ನೆಲ್ಲ ಕಿತ್ತು ಬುಟ್ಟಿಗೆ ಹಾಕುತ್ತಿದ್ದರು.

ಶಿಷ್ಯ ಚೆನ್ನವೀರ ಬುಟ್ಟಿಯಿಂದ ಒಂದು ಮಿಡಿಯನ್ನು ಎತ್ತಿಕೊಂಡ.

"ಎಳೀವು ಅದಾವಲ್ರೀ ಅಜ್ಜಾರ. ಯಾಕ ಕೀಳ್ತೀರಿ?"

"ಎಲ್ಲಾ ಬಿಟ್ರ ಒಂದೂ ದಪ್ಪ ಆಗಂಗಿಲ್ಲೋ. ಒಂದ ಇದ್ರ ಛಲೋ ಬಲೀತದ."

ಚೆನ್ನವೀರ ಆ ಮಾತನ್ನು ಗಂಟು ಹಾಕಿಕೊಂಡ. ಗುರುಗಳು ಕೆಮ್ಮಿದರೂ ಅದರಲ್ಲಿ ವೇದಾಂತ ಹುಡುಕುವ ಆಸಾಮಿ ಅವನು.

ಅಷ್ಟರಲ್ಲಿ ಊರಿಗೆ ಜ್ವರ ಬಂತು. ಅಂಬಿಗರ ನೀಲವ್ವನ ಇಬ್ಬರು ಗಂಡುಮಕ್ಕಳು ಒಬ್ಬರ ಬೆನ್ನಿಗೊಬ್ಬರು ಹೋದರು. ಉಳಿದದ್ದು ಒಂದು ಹೆಣ್ಣು, ಇನ್ನೂ ಹಾಲುಗೂಸು.

ಮಕ್ಕಳನ್ನು ಮಣ್ಣು ಮಾಡಿದ ಮರುದಿನ ನೀಲವ್ವ ಕೂಸನ್ನು ಎತ್ತಿಕೊಂಡು ಮಠಕ್ಕೆ ಬಂದಳು. ಅಜ್ಜ ಇರಲಿಲ್ಲ. ಜ್ವರ ಬಿದ್ದವರ ಮನೆಗಳಿಗೆ ಗಂಜಿ ಹೊತ್ತು ಹೋಗಿದ್ದರು.

"ಯಪ್ಪಾ, ನನ್ನ ಮಕ್ಕಳನ್ನ ದೇವರು ಯಾಕ ಒಯ್ದ?" ಎಂದು ಚೆನ್ನವೀರನನ್ನೇ ಕೇಳಿದಳು.

ಗೊತ್ತಿಲ್ಲ ಎನ್ನಲು ಅವನಿಗೆ ನಾಚಿಕೆಯಾಯಿತು. ಅವಳನ್ನು ಹಿತ್ತಲಿಗೆ ಕರೆದೊಯ್ದು ಬಳ್ಳಿ ತೋರಿಸಿದ.

"ನೋಡವ್ವಾ, ಒಂದು ಬಲೀಲಿ ಅಂತ ಮಿಕ್ಕಿದ್ದನ್ನ ಕೀಳ್ತಾರ. ದೇವರೂ ಹಂಗ."

ನೀಲವ್ವ ಬಳ್ಳಿಯಲ್ಲಿ ಉಳಿದ ಒಂಟಿ ಕಾಯಿಯನ್ನು ನೋಡಿದಳು, ಆಮೇಲೆ ತೋಳಲ್ಲಿದ್ದ ಕೂಸನ್ನು.

"ಹಂಗಾದ್ರ ಈಕಿ ಸಲುವಾಗಿ ಅವರು ಹೋದ್ರು," ಎಂದಳು. ಬಂದ ದಾರಿ ಹಿಡಿದಳು.

ಚೆನ್ನವೀರನಿಗೆ ಒಳಗೊಳಗೇ ಹೆಮ್ಮೆ. ನೊಂದ ಜೀವಕ್ಕೆ ಒಂದು ತಿಳಿವು ಕೊಟ್ಟೆನಲ್ಲ ಎಂದುಕೊಂಡ. ಪರರ ಸಂಕಟಕ್ಕೆ ಅರ್ಥ ಹೇಳುವಷ್ಟು ಸಲೀಸಾದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ.

ಮರುದಿನ ಸಂಜೆ ಅಜ್ಜ ತಿರುಗಿ ಬಂದಾಗ ಅವರ ತೋಳಲ್ಲಿ ಆ ಕೂಸಿತ್ತು. ಅತ್ತು ಅತ್ತು ಅದರ ದನಿ ಉಡುಗಿತ್ತು.

"ನಿನ್ನಿಯಿಂದ ನೀಲವ್ವ ಇದಕ್ಕ ಮೊಲಿ ಕೊಡವಲ್ಲಳು. ನನ್ನ ಮಕ್ಕಳನ್ನ ತಿಂದು ಉಳದೈತಿ ಅಂತಾಳ. ಆ ಮಾತು ಅಕಿ ತಲ್ಯಾಗ ಯಾರು ಹಾಕಿದ್ರೋ?"



"ನಾನರೀ ಅಜ್ಜಾರ. ನೀವು ಬಳ್ಳಿಗೆ ಹೇಳಿದ್ದನ್ನ ಅಕಿಗೆ ಹೇಳಿದೆ."

ಅಜ್ಜ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕೂಸನ್ನು ಅವನ ಕೈಗೆ ಕೊಟ್ಟರು. ಅದು ಅವನ ಬರಿ ಎದೆಗೆ ಬಾಯಿ ಹಚ್ಚಿ ಹಾಲು ಹುಡುಕಿತು. ಚೆನ್ನವೀರ ಗಳಗಳ ಅತ್ತುಬಿಟ್ಟ.

"ಇದು ಇನ್ನೊಂದು ರಾತ್ರಿ ತಡಿಯಂಗಿಲ್ಲ. ಈಗಿಂದೀಗ ಹೋಗು. ಅಕಿ ಕಾಲಿಗೆ ಬೀಳು."

"ದೇವರು ಯಾಕ ಒಯ್ದ ಅಂತ ಮತ್ತ ಕೇಳಿದ್ರ ಏನ್ ಹೇಳ್ಲಿ ಅಜ್ಜಾರ?"

"ಗೊತ್ತಿಲ್ಲ ಅನ್ನು. ಮಿಡಿ ಕಿತ್ತಾಂವ ನಾನು, ದೊಡ್ಡ ಹಣ್ಣು ತಿನ್ನೋ ಆಸೆಗೆ ಕಿತ್ತೆ. ನನ್ನ ಬಾಯಿಚಪಲಾನ ದೇವರ ತಲಿಗೆ ಕಟ್ಟಬ್ಯಾಡ."