ಕುಂಬಾರ ಮೆತ್ತಿದ ಕೋಣೆ

"ಗುರುಗಳೇ, ದಿನಕ್ಕೆ ಒಂದು ಪಾಠ ನನಗೆ ಸಾಲುತ್ತಿಲ್ಲ. ಬೆಳಿಗ್ಗೆ ಕೇಳಿದಾಗ ಮೈಯೆಲ್ಲ ಬಿಸಿಯೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಆರಿಹೋಗಿರುತ್ತದೆ. ನಾಳೆಯಿಂದ ಮೂರು ಪಾಠ ಹೇಳಬಾರದೇ?" ಎಂದು ಚನ್ನವೀರ ಕೇಳಿದ. ಮಠಕ್ಕೆ ಬಂದು ಎಂಟು ತಿಂಗಳಾಗಿದ್ದ ಶಿಷ್ಯ ಅವನು, ಉತ್ಸಾಹಕ್ಕೇನೂ ಕೊರತೆಯಿರಲಿಲ್ಲ; ಕೇಳಿದ ಪಾಠವನ್ನು ಕೂಡಲೇ ಕಂಡಕಂಡವರಿಗೆಲ್ಲ ಹೇಳಿಬರುತ್ತಿದ್ದ.

ಗುರುಗಳು ನಕ್ಕರು. "ಮೂರೇ ಯಾಕೆ, ಮೂವತ್ತು ಹೇಳೋಣ. ಅದಕ್ಕೆ ಮೊದಲು ಒಬ್ಬ ಕುಂಬಾರನ ಕತೆ ಕೇಳು" ಎಂದು ಶುರುಮಾಡಿದರು.

ಗುಡ್ಡದ ನೆತ್ತಿಯ ಮೇಲೆ ಒಂದು ಊರು. ಮಾಗಿ ಬಂತೆಂದರೆ ಅಲ್ಲಿಯ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಆ ಊರಿನ ಕುಂಬಾರನ ಮಗಳು ಹೆರಿಗೆಗೆಂದು ತವರಿಗೆ ಬಂದಳು. ದಿನ ತುಂಬಲು ಇನ್ನೂ ಒಂದು ತಿಂಗಳಿರುವಾಗಲೇ ಹೆಣ್ಣುಮಗು ಹುಟ್ಟಿತು. ಅಂಗೈಯಲ್ಲಿ ಹಿಡಿಯುವಷ್ಟು ಕೂಸು. "ಬೆಚ್ಚಗಿಟ್ಟರೆ ಉಳಿಯುತ್ತದೆ, ಬೇರೆ ಮದ್ದಿಲ್ಲ" ಎಂದಳು ಸೂಲಗಿತ್ತಿ ಅಜ್ಜಿ.

ಅಷ್ಟೇ ತಾನೇ ಎಂದುಕೊಂಡ ಕುಂಬಾರ. ಜೀವಮಾನವೆಲ್ಲ ಬೆಂಕಿಯ ಜೊತೆ ಏಗಿದವನು, ಒಂದು ಕೂಸನ್ನು ಬೆಚ್ಚಗಿಡಲಾರನೇ? ಮನೆಯಲ್ಲಿ ಬೇರೆ ಕೋಣೆ ಇರಲಿಲ್ಲ. ಹಸಿ ಮಡಕೆ ಒಣಗಿಸುವ ಕೋಣೆಯನ್ನೇ ಖಾಲಿ ಮಾಡಿಸಿ ಬಾಣಂತಿಗೆ ಬಿಟ್ಟುಕೊಟ್ಟ, ಅಗ್ಗಿಷ್ಟಿಕೆ ಇಡಿಸಿದ. ಪುರುಡು ಕಳೆಯುವವರೆಗೆ ಗಂಡಸರು ಅಲ್ಲಿಗೆ ಕಾಲಿಡುವಂತಿಲ್ಲ. ಹಾಗಾಗಿ ಹೊಸ್ತಿಲ ಹೊರಗೆ ನಿಂತೇ ಸೌದೆ ದಾಟಿಸುತ್ತಿದ್ದ. ಮೊದಲ ದಿನ ಎರಡು ಹೊರೆ. ಕೂಸಿನ ಮೈ ತಣ್ಣಗಿದೆ ಎಂದರು ಒಳಗಿದ್ದ ಹೆಂಗಸರು. ನಾಲ್ಕು ಹೊರೆ ಕೊಟ್ಟ. ಇನ್ನೂ ತಣ್ಣಗಿದೆ ಎಂದರು, ಆರು. ಐದನೆಯ ಬೆಳಿಗ್ಗೆ ನೋಡಿದರೆ ಇಡೀ ಮಾಗಿಗೆಂದು ಕೂಡಿಟ್ಟ ಸೌದೆಯಲ್ಲಿ ಒಂದೇ ಹೊರೆ ಉಳಿದಿತ್ತು.

ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಹೊಗೆಗೆ ಅವಳ ಕಣ್ಣು ಕೆಂಪಾಗಿದ್ದವು.

"ಕೂಸಿನ ಕಾಲು ಮಂಜಿನ ಹಾಗಿದೆ. ಹಾಲು ಚೀಪಲೂ ತ್ರಾಣವಿಲ್ಲ. ಅಲ್ಲವೋ, ನೀನು ಆವಿಗೆಗೂ ಹೀಗೇ ಮಾಡುತ್ತೀಯಾ? ಮಡಕೆ ಬೇಯುವ ತನಕ ಸೌದೆ ತುರುಕುತ್ತಲೇ ಇರುತ್ತೀಯಾ?"

"ಆವಿಗೆಗೆ ಯಾಕಜ್ಜಿ ಅಷ್ಟೊಂದು ಸೌದೆ? ಹುಲ್ಲು ಹೊದಿಸಿ ಮೇಲೆ ಕೆಸರು ಮೆತ್ತಿಬಿಟ್ಟರೆ ಬಿಸಿ ಎರಡು ದಿನ ಅಲ್ಲಾಡುವುದಿಲ್ಲ..."

ಮಾತು ಅಲ್ಲಿಗೇ ನಿಂತಿತು. ಆ ಕೋಣೆ ಕಟ್ಟಿದವನು ಅವನೇ. ಮಡಕೆ ಬೇಗ ಒಣಗಲಿ ಎಂದು ಸೂರಿನ ಕೆಳಗೆ ಸುತ್ತಲೂ ಗೇಣಗಲ ಸಂದು ಬಿಟ್ಟವನು, ಗೋಡೆ ತುಂಬ ಗಾಳಿಕಿಂಡಿ ಕೊರೆದವನು ಅವನೇ. ಬುದ್ಧಿವಂತ, ಐದು ದಿನದಿಂದ ಸ್ವಂತ ಮೊಮ್ಮಗಳನ್ನು ಹಸಿ ಮಡಕೆಯ ಹಾಗೆ ಗಾಳಿಗಿಟ್ಟಿದ್ದ.

ಪಂಚೆ ಎತ್ತಿ ಕಟ್ಟಿದ. "ಏಣಿ ತಾರೇ, ಹುಲ್ಲು ತಾರೇ" ಎಂದು ಹೆಂಡತಿಯನ್ನು ಕೂಗಿದ. ಮಡಕೆಗೆಂದು ಹದ ಮಾಡಿಟ್ಟ ಮಣ್ಣನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟದವನು ಅಂದು ಎರಡೂ ಕೈಯಲ್ಲಿ ಬಾಚಿಕೊಂಡ. ಒಳಗೆ ಹೋಗುವಂತಿಲ್ಲವಲ್ಲ, ಹೊರಗಿನಿಂದಲೇ ಸಂದುಸಂದಿಗೂ ಹುಲ್ಲು ತುರುಕಿ ಮಣ್ಣು ಮೆತ್ತಿದ. ಬಾಗಿಲ ಬುಡಕ್ಕೆ ಕಂಬಳಿ ಸುತ್ತಿ ಇಡಿಸಿದ. ಗಾಳಿ ಬೀಸದ ಕಡೆ ಕೆಳಗೊಂದು, ಮೇಲೊಂದು ಕಿಂಡಿ ಮಾತ್ರ ಉಳಿಸಿದ. ಬೆಂಕಿ ಇರುವಲ್ಲಿ ಉಸಿರಿಗೆ ದಾರಿ ಬೇಕೆಂದು ಕುಂಬಾರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಕೆಲಸ ಮುಗಿಯಿತು. ಉಳಿದಿದ್ದ ಹೊರೆಯಿಂದ ನಾಲ್ಕೇ ಕಟ್ಟಿಗೆ ಒಳಗೆ ಕೊಟ್ಟು, ಜೀವ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಹೊರಗೆ ಕೂತ.

ಹೊತ್ತು ಇಳಿಯುವಾಗ ಅಜ್ಜಿ ಬಂದಳು, ಸೆರಗಿನಿಂದ ಹಣೆಯ ಬೆವರು ಒರೆಸಿಕೊಳ್ಳುತ್ತ. "ಕಾಲು ಬೆಚ್ಚಗಾಗಿದೆ. ಹೊಟ್ಟೆ ತುಂಬ ಹಾಲು ಕುಡಿಯಿತು. ಇನ್ನು ಸೌದೆ ಹೊತ್ತು ತಂದೆಯೋ, ಅದರಲ್ಲೇ ನಿನ್ನ ಬೆನ್ನಿಗೆ ಬಾರಿಸುತ್ತೇನೆ" ಎಂದಳು. ಕುಂಬಾರ ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಸಂತೋಷಕ್ಕೆ ಅತ್ತುಬಿಟ್ಟ. ಆ ಒಂದೇ ಹೊರೆ ಪುರುಡು ಕಳೆಯುವವರೆಗೂ ಬಂತು.

ಗುರುಗಳು ಕತೆ ನಿಲ್ಲಿಸುವಷ್ಟರಲ್ಲಿ ಚನ್ನವೀರ ಅರ್ಧ ಎದ್ದಾಗಿತ್ತು. "ಎಂಥ ಕತೆ ಗುರುಗಳೇ, ಈಗಲೇ ಹೋಗಿ ಎಲ್ಲರಿಗೂ ಹೇಳಿಬರುತ್ತೇನೆ" ಎಂದ.

"ಹೋಗು," ಎಂದರು ಗುರುಗಳು, "ಬೆಳಗಿನ ಪಾಠವನ್ನು ಎಷ್ಟು ಮಂದಿಗೆ ಹೇಳಿ ಮುಗಿಸಿದೆ?"

ಚನ್ನವೀರ ಮೆಲ್ಲಗೆ ಮತ್ತೆ ಕುಳಿತ.