ಮುಗ್ಗರಿಸುವ ಇಂಜಿನ್

“ಗುರುಗಳೇ, ನನ್ನ ಮನಸ್ಸು ನಡೆಯುತ್ತ ನಡೆಯುತ್ತ ಮುಗ್ಗರಿಸುತ್ತದೆ. ದೋಷ ಎಲ್ಲಿದೆ ಎಂದು ತಿಳಿಯಲು ಒಂದೊಂದನ್ನೇ ಬಿಟ್ಟು ನೋಡಿದೆ. ಮಧ್ಯಾಹ್ನದ ನಿದ್ದೆ ಬಿಟ್ಟಾಗ ಸ್ವಲ್ಪ ಕಷ್ಟವಾಯಿತು. ಅಕ್ಕನನ್ನು ನೋಡುವುದು ಬಿಟ್ಟಾಗ ಮಾತ್ರ ಒಳಗೆಲ್ಲ ನಡುಗಿಹೋಯಿತು. ಹಾಗಾದರೆ ದೋಷ ಅಲ್ಲೇ ಇದೆಯಲ್ಲವೇ? ನಾಳೆ ಅವಳು ಬರುತ್ತಾಳೆ. ಇನ್ನು ಮೇಲೆ ಬರಬೇಡ ಎಂದು ಹೇಳಿಬಿಡಲೇ?”

ಕೇಳಿದವನು ಚನ್ನವೀರ, ಮಠ ಸೇರಿ ಎರಡು ವರ್ಷವಾದ ಶಿಷ್ಯ. ತಾಯಿಯಿಲ್ಲದ ಅವನನ್ನು ಸಾಕಿದವಳು ಆ ಅಕ್ಕ. ಗುರುಗಳು ಒಂದು ಕತೆ ಹೇಳತೊಡಗಿದರು.

ಕಾಲುವೆಯ ಬದಿಯಲ್ಲಿ ಒಬ್ಬ ರೈತನ ಗದ್ದೆಯಿತ್ತು. ಅಲ್ಲಿ ನೀರು ಸರದಿಯ ಪ್ರಕಾರ ಬರುತ್ತದೆ. ಅವನ ಸರದಿ ಮೂರು ದಿನ. ಅಷ್ಟರಲ್ಲಿ ನೀರು ಕಟ್ಟಿ, ಕೆಸರು ಮಾಡಿ, ಭತ್ತದ ಸಸಿ ನಾಟಿ ಮುಗಿಸಬೇಕು. ನಾಲ್ಕನೆಯ ಬೆಳಿಗ್ಗೆ ನೀರು ಮುಂದಿನವನದು. ಅಣ್ಣ ತಮ್ಮಂದಿರ ನಡುವೆಯೂ ಇದರಲ್ಲಿ ದಾಕ್ಷಿಣ್ಯವಿಲ್ಲ.

ರೈತನ ಬಳಿ ಹಳೆಯದೊಂದು ಟ್ರ್ಯಾಕ್ಟರ್ ಇತ್ತು. ಹಳೆಯ ಯಂತ್ರ ಕೊಳ್ಳುವವನು ಅದರ ಸದ್ದನ್ನೂ ಸೇರಿಸಿಯೇ ಕೊಳ್ಳುತ್ತಾನೆ. ನಾಲ್ಕು ಸಿಲಿಂಡರಿನ ಆ ಸದ್ದು ಅವನಿಗೆ ಜೋಗುಳದಷ್ಟು ಪರಿಚಿತವಾಗಿತ್ತು.

ಆ ವರ್ಷ ನೀರು ಬಂದ ಮೊದಲ ಬೆಳಿಗ್ಗೆಯೇ ಸದ್ದು ತಪ್ಪಿತು. ಮೂರು ಹೆಜ್ಜೆ ಇಟ್ಟವನು ನಾಲ್ಕನೆಯದನ್ನು ಮರೆತು ನಿಂತಂತೆ, ನೆನಪಾಗಿ ಮತ್ತೆ ನಡೆದಂತೆ. ಬಿಳಿಯ ಹೊಗೆ ಹೊರಟು ನೀರಿನ ಮೇಲೆ ಮಲಗಿತು. ಗದ್ದೆಯ ತುಂಬ ಆಕಾಶ ಬಿದ್ದಿತ್ತು. ಟ್ರ್ಯಾಕ್ಟರ್ ಮೋಡದಲ್ಲಿ ಹೂತುಕೊಂಡು ನಿಂತ ಹಾಗಿತ್ತು. ಕೆಸರಿನಲ್ಲಿ ಎಳೆಯಲು ಇಂಜಿನ್ನಿಗೆ ಬಲ ಸಾಲಲಿಲ್ಲ. ಬದುವಿನ ಮೇಲೆ ಸಸಿಯ ಕಟ್ಟುಗಳು ಕಾದಿದ್ದವು. ಒಮ್ಮೆ ಕಿತ್ತ ಸಸಿ ಹೆಚ್ಚು ದಿನ ತಡೆಯದು.

ರೈತನಿಗೆ ಅರ್ಧ ವಿದ್ಯೆ ಗೊತ್ತಿತ್ತು. ಇಂಜಿನ್ ಓಡುತ್ತಿರುವಾಗಲೇ ಮೆಕ್ಯಾನಿಕ್‌ಗಳು ಒಂದೊಂದು ಸಿಲಿಂಡರಿಗೆ ಹೋಗುವ ಡೀಸೆಲ್ ಪೈಪಿನ ನಟ್ಟು ಸಡಿಲಿಸುತ್ತಾರೆ. ಅಷ್ಟು ಹೊತ್ತು ಆ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ. ಆಗಿನ ಸದ್ದು ಕೇಳಿ ದೋಷ ಹಿಡಿಯುತ್ತಾರೆ. ಇದನ್ನು ಅವನು ಪೇಟೆಯಲ್ಲಿ ನಿಂತು ನೋಡಿದ್ದ. ಎಂಥ ಸದ್ದಿಗೆ ಕಿವಿ ಕೊಡಬೇಕು ಎಂದು ಮಾತ್ರ ಯಾರನ್ನೂ ವಿಚಾರಿಸಿರಲಿಲ್ಲ.

ಮೊದಲನೆಯ ನಟ್ಟು ಸಡಿಲಿಸಿದ. ಇಂಜಿನ್ ಕುಗ್ಗಿತು. ಎರಡನೆಯದನ್ನು ಸಡಿಲಿಸಿದ. ಇಡೀ ಟ್ರ್ಯಾಕ್ಟರ್ ಗಡಗಡ ನಡುಗಿತು. “ಸಿಕ್ಕಿದ ಕಳ್ಳ” ಎಂದು ರೈತ ಅಲ್ಲಿಗೇ ಪರೀಕ್ಷೆ ಮುಗಿಸಿದ. ಆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ, ಕೆಲಸಕ್ಕೆ ಬಾರದ್ದೆಂದು ಡಬ್ಬಿಗೆ ಎಸೆದು, ಪೇಟೆಯಿಂದ ಹೊಸದು ತಂದು ಹಾಕಿದ. ಸದ್ದು ಮಾತ್ರ ಅದೇ: ಮೂರು ಹೆಜ್ಜೆ, ಒಂದು ಮರೆವು. ಮತ್ತೆ ಬಿಚ್ಚಿದ, ಮತ್ತೆ ಹಾಕಿದ. ಎರಡು ದಿನ ಕಳೆದವು. ಸದ್ದು ಅವನೊಳಗೆ ಇಳಿಯಿತು. ಬದುವಿನ ಮೇಲೆ ಕೂತಲ್ಲೇ ತೂಕಡಿಸಿದಾಗ ಒಂದು ಕನಸು ಬಿತ್ತು. ಅವನು ನೀರಿನ ಮೇಲೆ ನಡೆಯುತ್ತಿದ್ದ. ನಾಲ್ಕನೆಯ ಹೆಜ್ಜೆಗೆ ಕಾಲೇ ಇರಲಿಲ್ಲ. ಎಚ್ಚೆತ್ತು ನೋಡಿದರೆ ಸಸಿಯ ತುದಿ ಹಳದಿಗೆ ತಿರುಗಿತ್ತು.

ಮೂರನೆಯ ಬೆಳಿಗ್ಗೆ ಅವನು ಪೇಟೆಯ ಮುದುಕ ಮೆಕ್ಯಾನಿಕ್‌ನನ್ನು ಕರೆತಂದ.

“ಸಾಬರೇ, ಹುಡುಕುವ ಕೆಲಸ ನಿಮಗಿಲ್ಲ. ಎರಡನೆಯದೇ ಕೆಟ್ಟಿರೋದು. ಮುಟ್ಟಿದರೆ ಗಾಡಿಗೆ ಗಾಡಿಯೇ ನಡುಗುತ್ತೆ. ಅದನ್ನ ಬಂದ್ ಮಾಡಿಬಿಡಿ, ಉಳಿದ ಮೂರರಲ್ಲಿ ಹೇಗೋ ಓಡಿಸ್ತೀನಿ.”

“ಮಾಡೋಣ ಗೌಡರೇ. ಆಮೇಲೆ ಗಾಡಿ ಎಳೆಯೋಕೆ ಎತ್ತು ಇಟ್ಟಿದ್ದೀರಾ?”

ಮುದುಕ ಸ್ಪ್ಯಾನರ್ ಹಿಡಿದು ಕಣ್ಣು ಮುಚ್ಚಿದ. ಮೊದಲನೆಯದನ್ನು ಸಡಿಲಿಸಿ ಬಿಗಿದ. ಎರಡನೆಯದಕ್ಕೆ ಇಂಜಿನ್ ನರಳಿತು. ಬಿಗಿದ. ಮೂರನೆಯದನ್ನು ಸಡಿಲಿಸಿದ. ಸದ್ದು ಇದ್ದ ಹಾಗೇ ಇತ್ತು. ಗದ್ದೆಯಲ್ಲಿದ್ದ ಬೆಳ್ಳಕ್ಕಿ ಕೂಡ ತಲೆ ಎತ್ತಲಿಲ್ಲ.

“ಇದು” ಎಂದ.

“ಇದಾ? ಇದು ಏನೂ ತಕರಾರೇ ಮಾಡಲಿಲ್ಲವಲ್ಲ!”

“ಅದಕ್ಕೇ ಇದು. ದುಡಿಯೋನನ್ನ ತಡೆದರೆ ಮನೆಯೆಲ್ಲ ನಡುಗುತ್ತೆ ಗೌಡರೇ. ನಿಮ್ಮ ಎರಡನೆಯದು ಇಷ್ಟು ದಿನ ಇದರ ಪಾಲನ್ನೂ ಎಳೀತಿತ್ತು. ಈ ಮಹಾರಾಯ ಡೀಸೆಲ್ ಕುಡಿದು, ಹೊಗೆ ಬಿಟ್ಟುಕೊಂಡು, ದುಡಿಯೋರ ಸಾಲಿನಲ್ಲಿ ನಿಂತಿದ್ದ ಅಷ್ಟೇ.”

ಮುದುಕ ಡಬ್ಬಿಯಲ್ಲಿ ಬಿದ್ದಿದ್ದ ಹಳೆಯ ನಾಜಲ್ಲನ್ನೇ ಒರೆಸಿ ಮೂರನೆಯ ಸಿಲಿಂಡರಿಗೆ ಹಾಕಿದ. ಇಂಜಿನ್ ನಾಲ್ಕೂ ಹೆಜ್ಜೆ ಇಟ್ಟಿತು. ಕತ್ತಲಾಗುವ ಹೊತ್ತಿಗೆ ಮುಕ್ಕಾಲು ಗದ್ದೆ ನಾಟಿಯಾಯಿತು. ಉಳಿದ ಕಾಲು ಭಾಗದ ಸಸಿ ಬಾಡಿಹೋಗಿತ್ತು. ಮರುದಿನ ನೀರು ಮುಂದಿನವನ ಕಡೆ ತಿರುಗಿತು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಅಕ್ಕ ಬರಲಿ” ಎಂದ ಚನ್ನವೀರ. “ಆದರೆ ಗುರುಗಳೇ, ನನ್ನಲ್ಲಿ ಸುಮ್ಮನೆ ಸಾಲಿನಲ್ಲಿ ನಿಂತಿರುವುದು ಯಾವುದು?”

ಗುರುಗಳು ಹೇಳಿದರು: “ಹೋದ ತಿಂಗಳು ಜ್ವರ ಬಂದು ಎಂಟು ದಿನ ನಿನ್ನ ಜಪ ನಿಂತಿತ್ತಲ್ಲ, ಆಗ ಒಳಗೆ ಏನಾದರೂ ನಡುಗಿತೇ?”